ಗುರುತಿನ ಚೀಟಿಯನ್ನು ಡಿಸೆಂಬರ್‌ನಲ್ಲೇ ನೋಡಿ

ಸಿಇಟಿ ಬರೆಯಲು ಪ್ರವೇಶ ಪತ್ರ ಒಂದೇ ಸಾಲದು. ಭಾವಚಿತ್ರವಿರುವ ಗುರುತಿನ ಚೀಟಿಯೂ ಕೈಯಲ್ಲಿರಬೇಕು. ನೀಟ್ ಇನ್ನೂ ಬಿಗಿ. ಮೂಲ ಚೀಟಿಯೇ ಬೇಕು. ಜೆರಾಕ್ಸ್‌ಗೆ ಅಧಿಕಾರಿಯ ದೃಢೀಕರಣ ಇದ್ದರೂ ನಡೆಯದು, ಮೊಬೈಲ್‌ನಲ್ಲಿ ತೆಗೆದಿಟ್ಟ ಚಿತ್ರವಂತೂ ಲೆಕ್ಕಕ್ಕೇ ಇಲ್ಲ. ಮಧ್ಯಾಹ್ನ 1.30ಕ್ಕೆ ಗೇಟು ಮುಚ್ಚಿತೆಂದರೆ ಆ ವರ್ಷ ಹೋದಂತೆ. ಈ ನಿಯಮದ ಬಗ್ಗೆ ನಮ್ಮ ತಕರಾರಿಲ್ಲ. ಬೇರೆಯವರಿಂದ ನೀಟ್ ಬರೆಸಿ ವೈದ್ಯಕೀಯ ಸೀಟು ಪಡೆದ ಪ್ರಕರಣ 2019ರಲ್ಲಿ ತಮಿಳುನಾಡಿನ ತೇಣಿಯಲ್ಲಿ ಬಯಲಾಯಿತು. ಅಂಥ ಪ್ರತಿಯೊಂದು ಮೋಸವೂ ಪ್ರಾಮಾಣಿಕವಾಗಿ ಓದಿದ ಯಾರದೋ ಸೀಟನ್ನು ನುಂಗುತ್ತದೆ.

ತಕರಾರು ಇರುವುದು ಹಳ್ಳಿಯ ಮಕ್ಕಳ ದಾಖಲೆಯನ್ನು ಗೇಟಿಗೆ ಬರುವವರೆಗೂ ಯಾರೂ ನೋಡುವುದಿಲ್ಲ ಎಂಬುದರ ಬಗ್ಗೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಮಕ್ಕಳು ಸಾಮಾನ್ಯವಾಗಿ ಹುಬ್ಬಳ್ಳಿಗೋ ಧಾರವಾಡಕ್ಕೋ ಬಂದು ಪರೀಕ್ಷೆ ಬರೆಯಬೇಕು. ಸಿಇಟಿಯ 10.30ರ ಪತ್ರಿಕೆಗೆ ಒಳಹಳ್ಳಿಯ ಹುಡುಗಿ ಬೆಳಗಿನ ಮೊದಲ ಬಸ್ಸನ್ನೇ ಹಿಡಿಯಬೇಕು. ಅವಳ ಆಧಾರ್ ಹಾಳೆಯನ್ನು ಬಿಡಿಸಿ ನೋಡಿ. ಮಡಿಕೆಗಳಲ್ಲಿ ಹರಿದದ್ದಕ್ಕೆ ಟೇಪು ಅಂಟಿಸಿದೆ. ಫೋಟೊ ಮೂರನೇ ಇಯತ್ತೆಯದು, ಎರಡು ಜಡೆಯ ಕೂಸು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇವೆ. ಆಧಾರ್‌ನಲ್ಲಿ ಬರೀ ಲಕ್ಷ್ಮವ್ವ. ಎದುರು ನಿಂತವಳು ಆ ಕೂಸೇ ಎಂದು ಗೇಟಿನ ಸಿಬ್ಬಂದಿ ಹೇಗೆ ನಂಬಬೇಕು? "ಬ್ಯಾರೆ ಕಾರ್ಡ್ ಊರಾಗ ಐತ್ರಿ ಸರ್" ಎಂದರೆ ಊರಿಗೆ ಹೋಗಿ ಬರುವಷ್ಟು ಹೊತ್ತಿಲ್ಲ.

ಇದಕ್ಕೆ ದಾರಿ ಇದೆ. 15 ತುಂಬಿದ ಮೇಲೆ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಗುರುತು, ಫೋಟೊ ಹೊಸದಾಗಿ ಕೊಡಲೇಬೇಕು. 17ರೊಳಗೆ ಮಾಡಿಸಿದರೆ ಶುಲ್ಕವೂ ಇಲ್ಲ. ಹೆಸರು ತಿದ್ದಿಸಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಾಕು. ಇದನ್ನು ಮನೆಯವರೇ ಮಾಡಿಸಿಕೊಳ್ಳಲಿ ಎನ್ನುವುದು ಸುಲಭ. ತಾಲ್ಲೂಕಿನ ಕೇಂದ್ರದಲ್ಲಿ ಸರ್ವರ್ ಇಲ್ಲವೆಂದು ಎರಡು ಸಲ ಮರಳಿದ ತಾಯಿಗೆ ಎರಡು ದಿನದ ಕೂಲಿ ಹೋಗಿರುತ್ತದೆ. ಕಡಲೆ ಕೀಳುವ ದಿನಗಳಲ್ಲಿ ಮೂರನೇ ಸಲ ಆಕೆ ಬರಲಾರಳು.

ಹೊತ್ತಿನ ಪ್ರಶ್ನೆಯೂ ಇದೆ. ದ್ವಿತೀಯ ಪಿಯು ಪರೀಕ್ಷೆ ಮಾರ್ಚ್‌ನಲ್ಲಿ ಮುಗಿದೊಡನೆ ಮಕ್ಕಳು ಊರು ಸೇರುತ್ತಾರೆ, ಕಾಲೇಜಿನ ಕೈಗೆ ಸಿಗುವುದಿಲ್ಲ. ಏಪ್ರಿಲ್‌ನ ಸಿಇಟಿಗೆ ಪ್ರವೇಶ ಪತ್ರ ಬರುವುದು ಪರೀಕ್ಷೆಗೆ ಕೆಲವೇ ದಿನ ಮುಂಚೆ. ಆಗ ತಪ್ಪು ಕಂಡರೂ ತಿದ್ದಿಸಲು ಪುರಸೊತ್ತಿಲ್ಲ. ಆದ್ದರಿಂದ ಈ ಕೆಲಸ ಡಿಸೆಂಬರ್‌ನಲ್ಲಿ, ತರಗತಿಯಲ್ಲೇ, ಉಪನ್ಯಾಸಕರ ಕಣ್ಣೆದುರೇ ಆಗಬೇಕು. ಅಂಕಪಟ್ಟಿ, ಆಧಾರ್, ಕಾಲೇಜಿನ ಗುರುತಿನ ಚೀಟಿ ಮೂರನ್ನೂ ಬೆಂಚಿನ ಮೇಲೆ ಸಾಲಾಗಿ ಇಡಿಸಿ ನೋಡಲು ಒಂದು ಮಧ್ಯಾಹ್ನ ಸಾಕು. ಕಾಲೇಜಿನ ಚೀಟಿಗೆ ಪ್ರಾಚಾರ್ಯರ ಸಹಿ, ಫೋಟೊದ ಮೇಲೆ ಮೊಹರು ಇದೆಯೇ ಎಂಬುದನ್ನೂ ಆಗಲೇ ನೋಡಬೇಕು.

ಧಾರವಾಡದ ಪದವಿ ಪೂರ್ವ ಉಪನಿರ್ದೇಶಕರ ಕಚೇರಿ ಇದಕ್ಕೊಂದು ಸುತ್ತೋಲೆ ಹೊರಡಿಸಬೇಕು. ಜಿಲ್ಲಾಡಳಿತ ಈ ನಾಲ್ಕೂ ತಾಲ್ಲೂಕುಗಳ ಕಾಲೇಜುಗಳಿಗೆ ಆಧಾರ್ ಕಿಟ್‌ನೊಂದಿಗೆ ಸಿಬ್ಬಂದಿಯನ್ನು ಒಂದೊಂದು ದಿನ ಕಳಿಸಬೇಕು. ಜನವರಿ ಮುಗಿಯುವುದರೊಳಗೆ.