ಸ್ಟಿಯರಿಂಗಿನ ಎರಡು ಶಬ್ದಗಳು

ಹಾಸನದ ಕಡೆಯ ಸೋದರಿಯೊಬ್ಬರು ಪತ್ರ ಬರೆದು ಒಂದು ಪ್ರಶ್ನೆಯನ್ನು ಕೇಳಿರುತ್ತಾರೆ. ಅವರ ಮನೆಯಲ್ಲಿ 12 ವರ್ಷದ ಕಾರೊಂದುಂಟು. ಸ್ಟಿಯರಿಂಗನ್ನು ತಿರುಗಿಸಿದಾಗಲೆಲ್ಲ ಹಸು ನರಳಿದಂಥ ಶಬ್ದವಾಗುತ್ತದಂತೆ. ಗ್ಯಾರೇಜಿನವನು ಸ್ಟಿಯರಿಂಗ್ ರ‍್ಯಾಕನ್ನು ಸಮೂಲವಾಗಿ ಬದಲಾಯಿಸತಕ್ಕದ್ದೆಂದು ಹೇಳಿ, ಸಂಸಾರಸ್ಥರಿಗೆ ಹೊರಲಾಗದ ಮೊತ್ತವನ್ನು ಸೂಚಿಸಿರುವನಂತೆ. ಮುಂದಿನ ತಿಂಗಳು ಅತ್ತೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಶಿರಾಡಿ ಘಟ್ಟದ ಮಾರ್ಗವಾಗಿ ಧರ್ಮಸ್ಥಳಕ್ಕೆ ಹೋಗಬೇಕಾಗಿದೆ, ಏನು ಮಾಡುವುದು? ಪತ್ರದ ಕಡೆಯಲ್ಲಿ, ರುಜುವಿಗೆ ಮುಂಚೆ, ಮತ್ತೊಂದು ಸಾಲಿದೆ: ಹಳ್ಳ ಬಿದ್ದ ರಸ್ತೆಯಲ್ಲಿ ಎಡಗಡೆಯ ಮುಂಗಾಲಿಯ ಬಳಿ "ಟಕ್ ಟಕ್" ಎಂಬ ಸಣ್ಣ ಸದ್ದೂ ಉಂಟು, ಅದರಿಂದ ಅಷ್ಟೇನೂ ತೊಂದರೆಯಿಲ್ಲ.

ನನಗೆ ಭಯವಾದದ್ದು ಈ ಕಡೆಯ ಸಾಲನ್ನು ಓದಿದಾಗ.

ವೈದ್ಯಶಾಸ್ತ್ರದಲ್ಲಿ ನಿದಾನವು ಮೊದಲು, ಚಿಕಿತ್ಸೆಯು ಆಮೇಲೆ. ತಾರ್ಕಿಕರು ಕಾರಣವನ್ನು ನಿರ್ಣಯಿಸುವುದಕ್ಕೆ ಅನ್ವಯ ವ್ಯತಿರೇಕಗಳೆಂಬ ಉಪಾಯವನ್ನು ಹೇಳುತ್ತಾರೆ. ಯಾವುದು ಇದ್ದಾಗ ಕಾರ್ಯವು ಕಾಣುವುದೋ, ಯಾವುದು ಇಲ್ಲದಾಗ ಕಾಣದೋ, ಅದನ್ನು ಕಾರಣವೆಂದು ಹಿಡಿಯಬೇಕು. ನಾನು ತರಗತಿಯಲ್ಲಿ ಹೊಗೆ ಬೆಂಕಿಗಳನ್ನು ಮುಂದಿಟ್ಟುಕೊಂಡು ಹೇಳುತ್ತಿದ್ದ ಈ ಪಾಠವು ಕಾರಿಗೂ ಸಲ್ಲುತ್ತದೆ. ಗಾಡಿಯು ನಿಂತಲ್ಲೇ ಇದ್ದು, ಎಂಜಿನ್ ಓಡುತ್ತಿರುವಾಗ ಸ್ಟಿಯರಿಂಗ್ ತಿರುಗಿಸಿದರೆ ನರಳುವುದೇ? ಎಂಜಿನ್ನಿನ ವೇಗವೇರಿದಂತೆ ಆ ಸ್ವರವೂ ಏರುವುದೇ? ಹಾಗಾದರೆ ದೋಷವು ಪಂಪಿನ ಕಡೆಯದು. ಎಂಜಿನ್ ಹೇಗೇ ಇರಲಿ, ರಸ್ತೆಯ ತಗ್ಗುದಿಣ್ಣೆಗಳಿಗೆ ಮಾತ್ರ ಸದ್ದಾದರೆ ಅದು ಕೀಲುಗಳದು. ತಿರುವಿನಲ್ಲಿ ಗಾಡಿ ಸಾಗುತ್ತಿರುವಾಗ ಎಡೆಬಿಡದೆ "ಕಟಕಟ" ಎಂದರೆ ಸಾಮಾನ್ಯವಾಗಿ ಅದು ಸ್ಟಿಯರಿಂಗಿನದೇ ಅಲ್ಲ, ಗಾಲಿಗೆ ಶಕ್ತಿಯನ್ನು ಒಯ್ಯುವ ಡ್ರೈವ್ ಶಾಫ್ಟಿನ ಹೊರಗೀಲಿನದು.

ಮೊದಲು ನರಳಾಟದ ವಿಚಾರ. ಎಣ್ಣೆಯ ಒತ್ತಡದಿಂದ ಸ್ಟಿಯರಿಂಗನ್ನು ಹಗುರಗೊಳಿಸುವ ಏರ್ಪಾಡನ್ನು ಮಾರಾಟದ ಕಾರಿನಲ್ಲಿ ಮೊದಲು ಇಟ್ಟವರು ಅಮೆರಿಕದ ಕ್ರೈಸ್ಲರ್ ಕಂಪನಿಯವರು, 1951ರಲ್ಲಿ. ಎಂಜಿನ್ನು ಬೆಲ್ಟಿನ ಮೂಲಕ ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ರ‍್ಯಾಕಿಗೆ ಒತ್ತುತ್ತದೆ. ಈಚಿನ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ವಿದ್ಯುತ್ ಮೋಟಾರೇ ಈ ಕೆಲಸವನ್ನು ಮಾಡುವುದರಿಂದ ಎಣ್ಣೆಯೂ ಇಲ್ಲ, ಪಂಪೂ ಇಲ್ಲ. ಅಂಥ ಗಾಡಿಯುಳ್ಳವರು ಇದನ್ನು ಬಿಟ್ಟು ಮುಂದಿನದನ್ನು ಓದಬಹುದು.

ಬಾನೆಟ್ಟನ್ನು ಎತ್ತಿ ಎಣ್ಣೆಯ ಡಬ್ಬಿಯನ್ನು ನೋಡಬೇಕು. ಎಣ್ಣೆಯು ಕೆಳಗೆರೆಗಿಂತ ಇಳಿದಿದ್ದರೆ, ಅಥವಾ ಕಡೆದ ಮಜ್ಜಿಗೆಯಂತೆ ನೊರೆಗಟ್ಟಿದ್ದರೆ, ಪಂಪಿನೊಳಗೆ ಗಾಳಿಯು ಸೇರಿದೆಯೆಂದರ್ಥ. ನರಳುವುದು ಆ ಗಾಳಿಯಿಂದ. ಈ ಎಣ್ಣೆಯು ಪೆಟ್ರೋಲಿನಂತೆ ಉರಿದು ಹೋಗುವ ವಸ್ತುವಲ್ಲ. ಕಡಮೆಯಾಗಿದ್ದರೆ ಎಲ್ಲಿಯೋ ಸೋರುತ್ತಿರಲೇಬೇಕು. ರಾತ್ರಿ ಗಾಡಿಯ ಅಡಿಯಲ್ಲಿ ಒಂದು ರಟ್ಟನ್ನು ಹಾಸಿಟ್ಟರೆ ಬೆಳಗ್ಗೆ ಕಲೆಯೇ ಸ್ಥಳವನ್ನು ತೋರಿಸುತ್ತದೆ. ಕೆಲವು ವೇಳೆ ಹೊರಕ್ಕೆ ತೊಟ್ಟಿಕ್ಕದೆಯೇ ಗಾಳಿಯು ಒಳಕ್ಕೆ ನುಗ್ಗುವುದುಂಟು. ನಮ್ಮ ನೆರೆಯವರ ಗಾಡಿಗೂ ರ‍್ಯಾಕ್ ಬದಲಿಸುವ ತೀರ್ಪಾಗಿತ್ತು. ಕೊನೆಗೆ ನೋಡಿದರೆ ಡಬ್ಬಿಯಿಂದ ಪಂಪಿಗೆ ಹೋಗುವ ರಬ್ಬರ್ ಕೊಳವೆಯು ಒಣಗಿ, ಅದರ ಕ್ಲಿಪ್ಪು ಸಡಿಲವಾಗಿತ್ತು. ಒಂದು ಗೇಣು ಕೊಳವೆಯಿಂದ ಶಬ್ದವು ಅಡಗಿತು.

ಸೋರಿಕೆಯನ್ನು ನಿಲ್ಲಿಸಿದ ಮೇಲೆ ಗಾಳಿಯನ್ನು ಹೊರಡಿಸಬೇಕು. ಮುಂಗಾಲಿಗಳನ್ನು ನೆಲದಿಂದೆತ್ತಿ ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿರುವಾಗಲೇ ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ 15-20 ಬಾರಿ ತಿರುಗಿಸುತ್ತ, ಇಳಿದಷ್ಟು ಎಣ್ಣೆಯನ್ನು ತುಂಬುತ್ತ ಹೋಗಬೇಕು. ಆಮೇಲೆ ಎಂಜಿನ್ ಹೊತ್ತಿಸಿ, ಗುಳ್ಳೆಗಳು ನಿಲ್ಲುವ ತನಕ ಹಾಗೆಯೇ ಮಾಡಬೇಕು. ಕೊನೆ ಮುಟ್ಟಿದಲ್ಲಿ ಹಿಡಿದು ನಿಲ್ಲಿಸಬಾರದು; ಎಣ್ಣೆಯು ಕಾದು ಪಂಪು ಕೆಡುತ್ತದೆ. ಎಣ್ಣೆಯು ಗಾಡಿಯ ಕೈಪಿಡಿಯಲ್ಲಿ ಹೇಳಿದ ಜಾತಿಯದೇ ಆಗಿರತಕ್ಕದ್ದು. ಕೈಗೆ ಸಿಕ್ಕಿತೆಂದು ಬ್ರೇಕಿನ ಎಣ್ಣೆಯನ್ನು ಸುರಿದರಂತೂ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗಿ, ಗ್ಯಾರೇಜಿನವನ ತೀರ್ಪೇ ನಿಜವಾದೀತು! ಬೆಳಗ್ಗೆ ಮಾತ್ರ "ಕೀಂಯ್" ಎನ್ನುವ ಗಾಡಿಗಳಲ್ಲಿ ಬೆಲ್ಟನ್ನು ಶಂಕಿಸಬೇಕು. ಅದನ್ನು ಮುಟ್ಟಿ ನೋಡುವುದು ಎಂಜಿನ್ ಆರಿಸಿದ ಮೇಲೆಯೇ. ಓಡುವ ಬೆಲ್ಟಿನ ಬಳಿ ಸೆರಗೂ ಪಂಚೆಯ ಚುಂಗೂ ಸುಳಿಯಕೂಡದು.

ಇನ್ನು ಆ "ಟಕ್ ಟಕ್". ರ‍್ಯಾಕಿನ ಎರಡು ತುದಿಗಳಿಂದ ಎರಡು ಸರಳುಗಳು ಗಾಲಿಗಳಿಗೆ ಹೋಗುತ್ತವೆ. ಅವುಗಳ ಕೊನೆಯಲ್ಲಿ ಬಟ್ಟಲಿನೊಳಗೆ ಗುಂಡನ್ನು ಕೂರಿಸಿದಂಥ ಕೀಲುಂಟು. ಮೆಕ್ಯಾನಿಕರು ಇದನ್ನು ಟೈ ರಾಡ್ ಎಂಡ್ ಎನ್ನುವರು. ಮೇಲಿನ ರಬ್ಬರ್ ಮುಸುಕು ಹರಿದರೆ ಧೂಳೂ ನೀರೂ ಸೇರಿ ಗುಂಡು ಸವೆಯುತ್ತದೆ. ಪಂಪು ಕೆಟ್ಟರೆ ತೋಳಿಗೆ ಶ್ರಮ, ಅಷ್ಟೆ. ಗಾಡಿಯು ಹೇಳಿದತ್ತ ತಿರುಗುತ್ತದೆ. ಈ ಗುಂಡು ಬಟ್ಟಲಿನಿಂದ ಕಳಚಿದರೆ ಆ ಗಾಲಿಗೆ ಚಾಲಕನ ಮಾತು ತಲುಪುವುದೇ ಇಲ್ಲ. ದೊಡ್ಡದಾಗಿ ನರಳುವುದಕ್ಕೆ ಹೆದರಿ, ಮೆಲ್ಲಗೆ ತಟ್ಟುವುದನ್ನು ಉಪೇಕ್ಷಿಸುವುದು ನಮ್ಮೆಲ್ಲರ ಸ್ವಭಾವ.

ಪರೀಕ್ಷೆಯು ಸುಲಭ. ಎಂಜಿನ್ ಆರಿಸಿ, ಗಾಲಿಗಳು ನೆಲದ ಮೇಲಿರುವಾಗಲೇ ಒಬ್ಬರು ಸ್ಟಿಯರಿಂಗನ್ನು ಎರಡೆರಡು ಬೆರಳಷ್ಟು ಅತ್ತಿತ್ತ ಅಲುಗಿಸಲಿ; ಇನ್ನೊಬ್ಬರು ಗಾಲಿಯ ಹಿಂದಿನ ಕೀಲಿನ ಮೇಲೆ ಕೈಯಿಡಲಿ. ಸಡಿಲವಿದ್ದರೆ ಬೆರಳಿಗೆ ತಿಳಿಯುತ್ತದೆ. ಇಲ್ಲಿ ಏನೂ ಸಿಕ್ಕದಿದ್ದರೆ, ಗಾಲಿಯನ್ನು ಹೊತ್ತಿರುವ ಬಾಲ್ ಜಾಯಿಂಟನ್ನು ಮೆಕ್ಯಾನಿಕನು ಜಾಕ್ ಕೊಟ್ಟು ನೋಡತಕ್ಕದ್ದು. ಅದೂ ಅಷ್ಟೇ ಅಪಾಯದ್ದು. ಸ್ಟೆಬಿಲೈಸರಿನ ಲಿಂಕು ಸವೆದರೂ ಇಂಥದೇ ಸದ್ದಾಗುತ್ತದೆ. ಅದಾಗಿದ್ದರೆ ಖರ್ಚೂ ಭಯವೂ ಎರಡೂ ಕಡಮೆ. ಇದಾವುದೆಂದು ನಿಶ್ಚಯವಾಗುವವರೆಗೆ ಸೋದರಿಯವರು ಆ ಗಾಡಿಯನ್ನು ಘಟ್ಟಕ್ಕೆ ಒಯ್ಯಬಾರದು. ಧರ್ಮಸ್ಥಳಕ್ಕೆ ಬಸ್ಸುಗಳಿವೆ.

ಸವೆದ ಟೈ ರಾಡ್ ಎಂಡನ್ನು ಗ್ರೀಸಿನಿಂದ ಸಮಾಧಾನಪಡಿಸಲಾಗದು, ಬದಲಿಸಲೇಬೇಕು. ಅದರ ಬೆಲೆಯು ರ‍್ಯಾಕಿನ ಬೆಲೆಯ ಅಲ್ಪಾಂಶ. ನಟ್ಟನ್ನು ತಡೆಯುವ ಪಿನ್ನು ಹೊಸದಾಗಿರಲಿ; ಹಳೆಯ ಭಾಗವನ್ನು ಕೈಗೆ ಕೊಡುವಂತೆ ಕೇಳಿ, ಗುಂಡನ್ನು ತಾವೇ ಅಲುಗಿಸಿ ನೋಡಲಿ. ಬದಲಿಸಿದ ದಿನವೇ ವೀಲ್ ಅಲೈನ್‌ಮೆಂಟನ್ನೂ ಮಾಡಿಸತಕ್ಕದ್ದು. ಇಲ್ಲವಾದರೆ ಗಾಲಿಗಳ ಕೋನವು ತಪ್ಪಿ, ಟೈರುಗಳ ಅಂಚು ಬೇಗನೆ ಸವೆದುಹೋಗುತ್ತದೆ.