ಕೆಂಗಲ್ ಹನುಮಂತಯ್ಯನವರ ನಾಲ್ಕು ವರ್ಷ

1956ರ ಆಗಸ್ಟ್ 19ರಂದು ಮೈಸೂರು ರಾಜ್ಯದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಅಧಿಕಾರದಿಂದ ಇಳಿದರು. ಇನ್ನು ಎರಡೂವರೆ ತಿಂಗಳು ಕಳೆದಿದ್ದರೆ, ಬೀದರಿನಿಂದ ಕೊಳ್ಳೇಗಾಲದವರೆಗೆ ಹಬ್ಬಿದ ವಿಶಾಲ ಕನ್ನಡ ರಾಜ್ಯ ಉದಯವಾಗುತ್ತಿದ್ದ ನವೆಂಬರ್ 1ರ ದಿನ ಅವರು ಅದೇ ಪೀಠದಲ್ಲಿರುತ್ತಿದ್ದರು. ಆ ರಾಜ್ಯಕ್ಕೆ ಹಳೆಯ ಮೈಸೂರಿನ ಒಪ್ಪಿಗೆಯನ್ನು ದೊರಕಿಸಲು ಅವರಷ್ಟು ಹೆಣಗಿದ ಮೈಸೂರಿಗರು ವಿರಳ. ಅವರನ್ನು ಇಳಿಸಿದವರಾದರೋ ವಿರೋಧ ಪಕ್ಷದವರಲ್ಲ; ಸ್ವಪಕ್ಷದ ಶಾಸಕರೇ.

ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ಒಕ್ಕಲುತನದ ಮನೆಯಲ್ಲಿ 1908ರಲ್ಲಿ ಜನಿಸಿದ ಹನುಮಂತಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ನ್ಯಾಯಶಾಸ್ತ್ರ ಕಲಿತು, ವಕೀಲಿಗಿಂತ ಹೆಚ್ಚಾಗಿ ಕಾಂಗ್ರೆಸ್ಸಿನ ಕೆಲಸದಲ್ಲಿ ತೊಡಗಿದರು. ಸೆರೆಮನೆ ಅವರಿಗೆ ಹೊಸದಾಗಿರಲಿಲ್ಲ. ಸಂವಿಧಾನ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಯಾಗಿದ್ದಾಗ, 1949ರ ನವೆಂಬರಿನಲ್ಲಿ, ತಾವು ಬಯಸಿದ್ದು ವೀಣೆಯ ಇಲ್ಲವೆ ಸಿತಾರಿನ ನಾದವನ್ನು, ದೊರೆತದ್ದು ಇಂಗ್ಲಿಷ್ ಬ್ಯಾಂಡಿನ ವಾದ್ಯವನ್ನು ಎಂದು ಅವರು ಆ ಮಹಾಸಭೆಯಲ್ಲಿಯೇ ಆಡಿ ತೋರಿಸಿದರು. ದೇಶದ ವಿಧಾನಕ್ಕೆ ತಾವೂ ಕೈಯಿಟ್ಟು, ಅದರ ರಾಗ ಪರಕೀಯವೆಂದು ಹೇಳುವ ಎದೆಗಾರಿಕೆ ಎಲ್ಲರಿಗೂ ಬರುವಂಥದಲ್ಲ.

1952ರ ಮಾರ್ಚ್ 30ರಂದು, ಕೆ. ಸಿ. ರೆಡ್ಡಿಯವರ ತರುವಾಯ, ಅವರು ಮುಖ್ಯಮಂತ್ರಿಗಳಾದರು. ಶಾಸಕಾಂಗಕ್ಕೆ ಹೊಸ ಕಟ್ಟಡವೊಂದು ಬೇಕೆಂದು 1951ರ ಜುಲೈ 13ರಂದು ಪ್ರಧಾನಿ ನೆಹರೂರವರಿಂದ ಶಂಕುಸ್ಥಾಪನೆ ಆಗಿಹೋಗಿತ್ತು. ಮೊದಲಿನ ನಕ್ಷೆ ಸಾಧಾರಣ ಕಚೇರಿಯೊಂದರದು. ರಷ್ಯದಿಂದ ಬಂದಿದ್ದ ಅತಿಥಿಗಳು ಬೆಂಗಳೂರನ್ನು ಸುತ್ತಿ ನೋಡಿ, ನಿಮಗೆ ನಿಮ್ಮದೇ ಆದ ವಾಸ್ತುಶಿಲ್ಪವಿಲ್ಲವೇ ಎಂದು ಕೇಳಿದರೆಂದೂ, ಆ ಮಾತು ಮುಖ್ಯಮಂತ್ರಿಗಳ ಮನಸ್ಸಿಗೆ ನಾಟಿತೆಂದೂ ಹೇಳುತ್ತಾರೆ. ಆದರೆ ವೀಣೆಯ ನಾದವನ್ನು ಹಂಬಲಿಸಿದವರಿಗೆ ಪರದೇಶದವರು ಬಂದು ಚುಚ್ಚಬೇಕಾಗಿತ್ತೇ? ಹಳೆಯ ನಕ್ಷೆ ಮೂಲೆ ಸೇರಿತು. ಬಿ. ಆರ್. ಮಾಣಿಕ್ಯಂ ಅವರ ಮುಂದಾಳ್ತನದಲ್ಲಿ ದ್ರಾವಿಡ ಶೈಲಿಯ ಸ್ತಂಭ, ಗೋಪುರ, ಕಮಾನುಗಳುಳ್ಳ ಶಿಲಾಸೌಧ ಮೇಲೆದ್ದಿತು. ಕಲ್ಲು ಬೆಂಗಳೂರಿನ ಸುತ್ತಮುತ್ತಲಿನದು. ಕೆತ್ತಿದವರು ನುರಿತ ಶಿಲ್ಪಿಗಳು. ಕಲ್ಲು ಮಣ್ಣು ಹೊತ್ತವರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು. ಮುಖ್ಯಮಂತ್ರಿಗಳು ಕೆಲಸ ನಡೆಯುವಲ್ಲಿಗೆ ತಾವೇ ಹೋಗಿ ನಿಲ್ಲುತ್ತಿದ್ದರು.

ವೆಚ್ಚ ಸುಮಾರು 1 ಕೋಟಿ 84 ಲಕ್ಷ ರೂಪಾಯಿಗಳಿಗೆ ಏರಿತು. ಅಂದಿನ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಕೆರೆ, ಶಾಲೆ, ಆಸ್ಪತ್ರೆಗಳಿಗೆ ಹಣ ಸಾಲದ ನಾಡಿನಲ್ಲಿ ಕಲ್ಲಿನ ಅರಮನೆ ಏಕೆ ಎಂಬ ಪ್ರಶ್ನೆ ಎದ್ದಿತು. ಅವರು ಇಳಿದ ಮೇಲೆ ಖರ್ಚಿನ ಬಗೆಗೆ ವಿಚಾರಣಾ ಸಮಿತಿಯೂ ಕುಳಿತಿತು. ಪ್ರಶ್ನೆ ಅನ್ಯಾಯದ್ದೆಂದು ತಳ್ಳಿಹಾಕುವಂತಿಲ್ಲ. ಸೌಧದ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಲಾಗಿದೆ. ಅರ್ಜಿ ಹಿಡಿದು ಮೆಟ್ಟಿಲು ಹತ್ತಿಳಿದವರಿಗೆ ಅದು ಹೇಗೆ ಕಂಡಿತೋ!

ಇದಕ್ಕಿಂತ ಕಠಿಣವಾದ ಕಟ್ಟೋಣ ಏಕೀಕರಣದ್ದು. ಹನುಮಂತಯ್ಯನವರೇನೂ ಆರಂಭದಿಂದಲೇ ಅದರ ಕಟ್ಟಾಳುಗಳಾಗಿರಲಿಲ್ಲ. ಅವರ ಮನಸ್ಸು ಮಾಗುತ್ತ ಬಂದಿತು. 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಹೂಡಿದರು, ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದರು. ಅದೇ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ, ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು. 1955ರಲ್ಲಿ ಫಜಲ್ ಅಲಿ ಆಯೋಗ ಕನ್ನಡ ಪ್ರದೇಶಗಳೆಲ್ಲ ಒಂದಾಗಲೆಂದು ಶಿಫಾರಸು ಮಾಡಿದಾಗ, ಮೈಸೂರಿನ ಶಾಸನಸಭೆಯಲ್ಲಿ ಭಿನ್ನಮತ ಭುಗಿಲೆದ್ದಿತು.

ವಿರೋಧಿಸಿದವರ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್‌ರಂಥ ದಿವಾನರ ಕಾಲದಿಂದ ಮೈಸೂರು ವಿದ್ಯುಚ್ಛಕ್ತಿ, ನೀರಾವರಿ, ವಿದ್ಯೆಗಳಲ್ಲಿ ಮುಂದೆ ಸಾಗಿತ್ತು. ಹಿಂದುಳಿದ ಜಿಲ್ಲೆಗಳ ಭಾರವೆಲ್ಲ ತನ್ನ ಬೊಕ್ಕಸದ ಮೇಲೆ ಬಿದ್ದೀತೆಂಬ ಅಂಜಿಕೆ. ಬಾಯಿಬಿಟ್ಟು ಹೇಳಲು ಸಂಕೋಚಪಟ್ಟ ಅಂಜಿಕೆ ಮತ್ತೊಂದು: ಹಳೆಯ ಮೈಸೂರಿನಲ್ಲಿ ಪ್ರಬಲರಾದ ಒಕ್ಕಲಿಗರು ಹೊಸ ರಾಜ್ಯದಲ್ಲಿ ಲಿಂಗಾಯತರ ಮುಂದೆ ಹಿಂದಾಗುವರೆಂಬುದು. ಕನ್ನಡಿಗರಿಗೆ ಎರಡು ರಾಜ್ಯಗಳಿದ್ದರೇನು ಕೆಟ್ಟಿತು ಎಂದವರೂ ಉಂಟು. ಹನುಮಂತಯ್ಯನವರೂ ಒಕ್ಕಲಿಗರೇ, ತಮ್ಮ ಬೆಂಬಲದ ನೆಲ ಎಲ್ಲಿದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಅವರು ಒಂದೇ ರಾಜ್ಯವೆಂದು ನಿಂತರು. ಹತ್ತು ಜಿಲ್ಲೆಗಳ ಮೈಸೂರು ಹತ್ತೊಂಬತ್ತು ಜಿಲ್ಲೆಗಳದಾಯಿತು.

ಆ ನಿಲುವಿಗೆ ಅವರು ತೆತ್ತ ಬೆಲೆ ಎಷ್ಟು, ಒರಟು ಮಾತಿಗೂ ಯಾರನ್ನೂ ಓಲೈಸದ ಬಿಗುವಿಗೂ ತೆತ್ತದ್ದೆಷ್ಟು ಎಂದು ಬೇರೆ ಬೇರೆ ಲೆಕ್ಕ ಹಾಕುವುದು ಕಷ್ಟ. ಶಾಸಕರನ್ನು ಒಲಿಸಿಕೊಂಡು ಹೋಗುವ ಕಲೆ ಅವರಿಗೆ ಒಗ್ಗಲೇ ಇಲ್ಲ. ಶಾಸಕಾಂಗ ಪಕ್ಷದ ವಿಶ್ವಾಸ ಕಳೆದುಹೋದಾಗ ಅವರು ಸ್ಥಾನ ಬಿಟ್ಟರು. ಉಳಿದ ಎರಡೂವರೆ ತಿಂಗಳು ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿಗಳಾಗಿದ್ದು, ನವೆಂಬರ್ 1ರಂದು ವಿಶಾಲ ಮೈಸೂರಿನ ಹೊಣೆ ಎಸ್. ನಿಜಲಿಂಗಪ್ಪನವರ ಕೈಸೇರಿತು.

ಮುಂದಿನದು ದೆಹಲಿಯ ಅಧ್ಯಾಯ. 1962ರಿಂದ ಮೂರು ಬಾರಿ ಬೆಂಗಳೂರಿನಿಂದ ಲೋಕಸಭೆಗೆ ಆಯ್ಕೆಯಾದರು. ಮುರಾರಜಿ ದೇಸಾಯಿಯವರ ತರುವಾಯ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು. ಕಾನೂನು ಮಂತ್ರಿಗಳಾಗಿ, 1971–72ರಲ್ಲಿ ರೈಲ್ವೆ ಮಂತ್ರಿಗಳಾಗಿ ದುಡಿದರು. ಆದರೆ ಬೆಂಗಳೂರಿನ ಆ ನಾಲ್ಕು ವರ್ಷಗಳ ಬಿಸಿ ಈ ಪದವಿಗಳಲ್ಲಿ ಕಾಣಲಿಲ್ಲ. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ನಿಂತು, ಸರ್ವೋಚ್ಚ ನ್ಯಾಯಾಲಯದ ಮಾಜಿ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರೆದುರು ಸೋತರು. 1980ರ ಡಿಸೆಂಬರ್ 1ರಂದು ನಿಧನರಾದರು. ಅವರ ಪ್ರತಿಮೆ ಇಂದು ವಿಧಾನಸೌಧದ ಆವರಣದಲ್ಲಿಯೇ ಇದೆ.