ಕೆಟ್ಟ ಸಿಎಫ್‌ಎಲ್ ದೀಪಗಳ ಬಾಕಿ ಲೆಕ್ಕ

ಮೂಡಿಗೆರೆ, ಕಳಸ ಭಾಗದ ಹಳೆಯ ಕಾಫಿ ತೋಟಗಳ ಗೋದಾಮಿನ ಅಟ್ಟದಲ್ಲಿ, ಗೊಬ್ಬರದ ಖಾಲಿ ಚೀಲ ಮತ್ತು ತುಕ್ಕು ಹಿಡಿದ ಸ್ಪ್ರೇಯರ್‌ಗಳ ನಡುವೆ, ರಟ್ಟಿನ ಪೆಟ್ಟಿಗೆಯೊಂದು ಕಂಡುಬರುವ ಸಂಭವ ಹೆಚ್ಚು. ಅದರಲ್ಲಿರುವುದು ಉರಿದು ಕೆಟ್ಟ, ಇಲ್ಲವೇ ಎಲ್‌ಇಡಿ ಬಂದ ಮೇಲೆ ಕಳಚಿಟ್ಟ ಸಿಎಫ್‌ಎಲ್ ದೀಪಗಳು. ಎಸೆಯಲು ಮನಸ್ಸಿಲ್ಲ, ಕೊಳ್ಳುವವರಿಲ್ಲ. ಪಟ್ಟಣದ ವಿದ್ಯುತ್ ಸಾಮಗ್ರಿ ಅಂಗಡಿಗಳ ಹಿಂದಿನ ಕೋಣೆಯಲ್ಲಿಯೂ ಇಂತಹ ಪೆಟ್ಟಿಗೆಗಳು ಉಳಿದಿರುವುದುಂಟು. ವ್ಯತ್ಯಾಸವೆಂದರೆ, ಅವು ಮಾರಾಟವಾಗದೆ ಉಳಿದ ಹೊಸ ದೀಪಗಳು. ಎರಡರ ಗಾಜಿನೊಳಗೂ ಇರುವುದು ಪಾದರಸ.

ಈ ದೀಪಗಳು ತಾವಾಗಿಯೇ ಬೆಟ್ಟ ಹತ್ತಿ ಬಂದವಲ್ಲ. ವಿದ್ಯುತ್ ಉಳಿತಾಯವು ರಾಷ್ಟ್ರೀಯ ಕಾರ್ಯಕ್ರಮವಾದಾಗ, 2009ರಲ್ಲಿ ಕೇಂದ್ರದ ‘ಬಚತ್ ಲ್ಯಾಂಪ್ ಯೋಜನೆ’ಯು ಸಾಮಾನ್ಯ ಬಲ್ಬಿನ ಬೆಲೆಗೆ, ಅಂದರೆ ಸುಮಾರು 15 ರೂಪಾಯಿಗೆ, ಸಿಎಫ್‌ಎಲ್ ಒದಗಿಸಲು ಹೊರಟಿತು. 2015ರ ಜನವರಿಯಲ್ಲಿ ‘ಉಜಾಲಾ’ ಯೋಜನೆ ಆರಂಭವಾಗಿ, ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಎಲ್‌ಇಡಿ ಬಲ್ಬುಗಳು ಮನೆಮನೆಗೆ ಬಂದವು. ಹೊಸದನ್ನು ಕೊಡುವ ವ್ಯವಸ್ಥೆ ಎರಡು ಬಾರಿ ಆಯಿತು; ಹಳೆಯದನ್ನು ಹಿಂಪಡೆಯುವ ವ್ಯವಸ್ಥೆ ಮಾತ್ರ ಮಲೆನಾಡಿನ ಅಂಗಡಿಗಳವರೆಗೆ ತಲುಪಲಿಲ್ಲ. ನೆರೆಯ ಕೇರಳವು 2018ರಲ್ಲಿ ಪ್ರಕಟಿಸಿದ ಫಿಲಮೆಂಟ್ ರಹಿತ ಕೇರಳ ಯೋಜನೆಯಲ್ಲಿ ಎಲ್‌ಇಡಿ ನೀಡಿ ಹಳೆಯ ಬಲ್ಬು ಹಾಗೂ ಸಿಎಫ್‌ಎಲ್‌ಗಳನ್ನು ಮರಳಿ ಪಡೆಯುವುದನ್ನೂ ಸೇರಿಸಿತ್ತು.

ಅಪಾಯವನ್ನು ಇರುವಷ್ಟೇ ಹೇಳುವುದು ಉಚಿತ. ಒಂದು ಸಿಎಫ್‌ಎಲ್‌ನಲ್ಲಿ ಇರುವ ಪಾದರಸ ಸಾಮಾನ್ಯವಾಗಿ 3ರಿಂದ 5 ಮಿಲಿಗ್ರಾಂ. ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರಿನಲ್ಲಿ ಸುಮಾರು 500 ಮಿಲಿಗ್ರಾಂ. ಆದ್ದರಿಂದ ಮನೆಯಲ್ಲಿ ಒಂದು ದೀಪ ಒಡೆದರೆ ಗಾಬರಿಪಡುವ ಅಗತ್ಯವಿಲ್ಲ. ಕಿಟಕಿ ತೆರೆದು ಹತ್ತು ಹದಿನೈದು ನಿಮಿಷ ಹೊರಗಿದ್ದು, ಪೊರಕೆಯಿಂದ ಗುಡಿಸದೆ, ಗಟ್ಟಿ ರಟ್ಟಿನಿಂದ ಚೂರುಗಳನ್ನು ಎತ್ತಿ, ಉಳಿದ ಪುಡಿಯನ್ನು ಅಂಟುಪಟ್ಟಿಯಿಂದ ತೆಗೆದು, ಮುಚ್ಚಳವಿರುವ ಡಬ್ಬಿಗೆ ಹಾಕಿದರೆ ಸಾಕು. ಲೆಕ್ಕ ಬದಲಾಗುವುದು ರಾಶಿಯಾದಾಗ. ಲೈನ್ ಮನೆ, ಪಲ್ಪಿಂಗ್ ಶೆಡ್, ಬಂಗಲೆ ಸೇರಿ ಇನ್ನೂರು ದೀಪ ಕಳಚಿದ ತೋಟದಲ್ಲಿ ಒಂದು ಗ್ರಾಮಿನಷ್ಟು ಪಾದರಸ ಕೂಡಿರಬಹುದು. ಅದನ್ನು ತೋಟದ ಗುಂಡಿಯಲ್ಲಿ ಇತರ ಕಸದೊಡನೆ ಸುಟ್ಟರೆ ಆವಿಯಾಗಿ ಸುತ್ತಲಿನವರ ಶ್ವಾಸಕೋಶ ಸೇರುತ್ತದೆ. ಹೂತರೆ ಮಳೆನೀರಿನೊಡನೆ ಹಳ್ಳಕ್ಕೆ ಇಳಿಯುತ್ತದೆ. ನೀರಿನ ತಳದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿಸುತ್ತವೆ, ಅಲ್ಲಿಂದ ಮೀನಿಗೆ. ಕಳಸದ ಹಳ್ಳಗಳು ಭದ್ರೆಗೆ, ಮೂಡಿಗೆರೆಯವು ಹೇಮಾವತಿಗೆ ಸೇರುತ್ತವೆ. ಆ ನೀರನ್ನು ನಂಬಿದವರು ಈ ಜಿಲ್ಲೆಯವರಷ್ಟೇ ಅಲ್ಲ.

ಬೆಟ್ಟದ ಊರೊಂದರಲ್ಲಿ ಪಾದರಸದ ಗಾಜು ಗುಜರಿಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕೊಡೈಕೆನಾಲ್ ನಿದರ್ಶನ. 2001ರ ಮಾರ್ಚ್‌ನಲ್ಲಿ ಅಲ್ಲಿನ ಗುಜರಿ ಅಂಗಡಿಯೊಂದರಲ್ಲಿ, ಹಿಂದೂಸ್ತಾನ್ ಲಿವರ್ ಕಂಪನಿಯ ಥರ್ಮಾಮೀಟರ್ ಕಾರ್ಖಾನೆಯಿಂದ ಬಂದ, ಪಾದರಸ ಅಂಟಿದ ಏಳು ಟನ್ನಿಗೂ ಹೆಚ್ಚು ಗಾಜು ಪತ್ತೆಯಾಯಿತು. ಕಾರ್ಖಾನೆ ಮುಚ್ಚಿತು, 2003ರಲ್ಲಿ ಆ ಸರಕನ್ನು ಹಡಗಿನಲ್ಲಿ ಅಮೆರಿಕಕ್ಕೆ ಕಳುಹಿಸಬೇಕಾಯಿತು, 591 ಮಾಜಿ ಕಾರ್ಮಿಕರೊಡನೆ ಇತ್ಯರ್ಥವಾದದ್ದು 2016ರಲ್ಲಿ. ಮನೆಬಳಕೆಯ ದೀಪಗಳ ಪ್ರಮಾಣ ಅದಕ್ಕೆ ಹೋಲಿಕೆಯಲ್ಲ, ನಿಜ. ಆದರೆ ಸಾಗುವ ದಾರಿ ಒಂದೇ. ಗುಜರಿಯವರಿಗೆ ಬೇಕಾದದ್ದು ದೀಪದ ಬುಡದ ಲೋಹ ಮತ್ತು ಸರ್ಕ್ಯೂಟ್ ಬೋರ್ಡ್ ಮಾತ್ರ. ಗಾಜನ್ನು ಕೆಲಸಗಾರ ಬರಿಗೈಯಲ್ಲಿ ಒಡೆದು ಬದಿಗೆ ಸುರಿಯುತ್ತಾನೆ.

ಕಾನೂನು ಇಲ್ಲವೆಂದಲ್ಲ. ಘನತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳು ಸಿಎಫ್‌ಎಲ್ ಮತ್ತು ಟ್ಯೂಬ್‌ಲೈಟ್‌ಗಳನ್ನು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿ, ಪಟ್ಟಣಗಳಲ್ಲಿ 20 ಚದರ ಕಿಲೋಮೀಟರಿಗೆ ಒಂದರಂತೆ ಸಂಗ್ರಹ ಕೇಂದ್ರ ಸ್ಥಾಪಿಸುವಂತೆ ಸ್ಥಳೀಯ ಸಂಸ್ಥೆಗಳಿಗೆ ವಿಧಿಸಿದ್ದವು. ಅದೇ ವರ್ಷದ ಇ-ತ್ಯಾಜ್ಯ ನಿಯಮಗಳು ಪಾದರಸದ ದೀಪಗಳನ್ನು ಉತ್ಪಾದಕರ ಹೊಣೆಯೊಳಗೆ ತಂದು, ಉತ್ಪಾದಕರು ಬಯಸಿದಲ್ಲಿ ವರ್ತಕರ ಅಂಗಡಿಯಲ್ಲಿ ಸಂಗ್ರಹ ಪೆಟ್ಟಿಗೆ ಇಡುವ ಅವಕಾಶವನ್ನೂ ನೀಡಿದ್ದವು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಇ-ತ್ಯಾಜ್ಯ ನಿಯಮಗಳಲ್ಲಿ ನೋಂದಣಿಯ ಹೊಣೆ ಇರುವುದು ತಯಾರಕ, ಉತ್ಪಾದಕ, ದುರಸ್ತಿಗಾರ ಮತ್ತು ಮರುಸಂಸ್ಕರಣೆಗಾರರಿಗೆ ಮಾತ್ರ. ವರ್ತಕನ ಹೆಸರು ಆ ಪಟ್ಟಿಯಲ್ಲಿಲ್ಲ. ಸೂಕ್ಷ್ಮ ಉದ್ಯಮಗಳಿಗಂತೂ ನಿಯಮಗಳೇ ಅನ್ವಯಿಸವು. 2025ರ ಏಪ್ರಿಲ್‌ನಿಂದ 10 ಕೋಟಿ ರೂಪಾಯಿ ವಹಿವಾಟಿನವರೆಗಿನ ಘಟಕಗಳು ಆ ವರ್ಗಕ್ಕೆ ಸೇರಬಲ್ಲವಾದ್ದರಿಂದ, ಮಲೆನಾಡಿನ ಬಹುಪಾಲು ಅಂಗಡಿಗಳು ಕಾನೂನಿನ ಹೊರಗೇ ಉಳಿಯುತ್ತವೆ.

ಇದಕ್ಕಿಂತ ಗಂಭೀರವಾದ ಲೋಪವೊಂದು ಲೆಕ್ಕ ಬಲ್ಲವರಿಗೆ ಕೂಡಲೇ ಕಾಣುತ್ತದೆ. ಹೊಸ ಪದ್ಧತಿಯಲ್ಲಿ ಉತ್ಪಾದಕನು ತನ್ನ ಗುರಿಯನ್ನು ಮರುಸಂಸ್ಕರಣೆಗಾರರಿಂದ ಪ್ರಮಾಣಪತ್ರ ಖರೀದಿಸಿ ಪೂರೈಸುತ್ತಾನೆ. ಆ ಪ್ರಮಾಣಪತ್ರ ದೊರೆಯುವುದು ಮರಳಿ ಪಡೆದ ಚಿನ್ನ, ತಾಮ್ರ, ಅಲ್ಯೂಮಿನಿಯಂ ಮತ್ತು ಕಬ್ಬಿಣದ ತೂಕಕ್ಕೆ. ಪಾದರಸಕ್ಕೆ ಅಲ್ಲಿ ಜಮೆಯೇ ಇಲ್ಲ. ಹಳೆಯ ಕಂಪ್ಯೂಟರಿಗೆ ಗಿರಾಕಿಗಳುಂಟು. ದೀಪವನ್ನು ಮುಚ್ಚಿದ ಯಂತ್ರದಲ್ಲಿ ಒಡೆದು, ಆವಿಯನ್ನು ಇಂಗಾಲದ ಶೋಧಕದಲ್ಲಿ ಹಿಡಿದು, ಪುಡಿಯಿಂದ ಪಾದರಸ ಬೇರ್ಪಡಿಸುವ ಖರ್ಚಿಗೆ ಎದುರಾಗಿ ಸಿಗುವುದು ಅಗ್ಗದ ಗಾಜು ಮತ್ತು ಚಿಟಿಕೆ ಅಲ್ಯೂಮಿನಿಯಂ. ಹೀಗಿರುವಾಗ ಕಳಸದಿಂದ ತೊಂಬತ್ತರ ಆಸುಪಾಸಿನ ಕಿಲೋಮೀಟರ್ ದೂರದ ಚಿಕ್ಕಮಗಳೂರಿಗಾದರೂ ಈ ದೀಪಗಳನ್ನು ತಮ್ಮ ಖರ್ಚಿನಲ್ಲಿ ತರುವವರು ಯಾರು? ಸಂತೆಗಳಲ್ಲಿ ಮಾರಾಟವಾದ ಹೆಸರಿಲ್ಲದ ದೀಪಗಳಿಗಂತೂ ಉತ್ಪಾದಕನೇ ಇಲ್ಲ.

ಸರಕಿನ ಕಾಲವೂ ಮುಗಿಯುತ್ತಿದೆ. ಪಾದರಸ ಕುರಿತ ಮಿನಮಾತಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಸದಸ್ಯ ರಾಷ್ಟ್ರಗಳು 2022ರಲ್ಲಿ ಮನೆಬಳಕೆಯ ಸಾಮಾನ್ಯ ಸಿಎಫ್‌ಎಲ್‌ಗಳ ತಯಾರಿಕೆ ಹಾಗೂ ಆಮದು-ರಫ್ತಿಗೆ 2025ನ್ನೂ, 2023ರಲ್ಲಿ ಟ್ಯೂಬ್‌ಲೈಟ್‌ಗಳಿಗೆ 2027ನ್ನೂ ಕೊನೆಯ ವರ್ಷವೆಂದು ನಿಗದಿಪಡಿಸಿದವು. ಹೀಗಿದ್ದರೂ ಕೆಲವು ವರ್ತಕರು ಹಳೆಯ ದಾಸ್ತಾನನ್ನು ಆಸ್ತಿ-ಹೊಣೆ ಪಟ್ಟಿಯಲ್ಲಿ ಖರೀದಿ ಬೆಲೆಗೇ ತೋರಿಸುತ್ತಾ ಬಂದಿದ್ದಾರೆ. ಮಾರಾಟವಾಗದ ಸರಕಿಗೆ ಖರೀದಿ ಬೆಲೆ ಹಿಡಿಯುವುದು ಲೆಕ್ಕವಲ್ಲ, ಆಶಾವಾದ. ಅದನ್ನು ವಜಾ ಮಾಡಿದಾಗ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ, ಪಡೆದಿದ್ದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಹಿಂದಿರುಗಿಸಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು. ವಜಾ ಮಾಡಿದ ಸರಕು ಎಲ್ಲಿಗೆ ಹೋಯಿತೆಂಬುದಕ್ಕೆ ಅಧಿಕೃತ ಸಂಸ್ಕರಣಾಗಾರರ ರಶೀದಿ ಇದ್ದರೆ ಮುಂದಿನ ಪ್ರಶ್ನೆಗಳಿಗೆ ಉತ್ತರ ಸುಲಭ.

ಕಾನೂನು ಕೈಬಿಟ್ಟಿದ್ದರೂ, ದೀಪ ಮರಳಿ ಬರಬಲ್ಲ ಸ್ಥಳ ಅಂಗಡಿಯ ಕೌಂಟರ್ ಒಂದೇ. ಹೊಸ ಎಲ್‌ಇಡಿ ಕೊಳ್ಳಲು ಬರುವ ಗ್ರಾಹಕ ಕೆಟ್ಟದ್ದನ್ನು ಕೈಯಲ್ಲಿ ಹಿಡಿದೇ ಬರುತ್ತಾನೆ. ಅದನ್ನು ಪಡೆದು, ಎಲ್‌ಇಡಿ ಬಂದ ರಟ್ಟಿನ ಪೆಟ್ಟಿಗೆಯಲ್ಲಿಯೇ ಒಡೆಯದಂತೆ ಜೋಡಿಸಿಡುವುದಕ್ಕೆ ಬಂಡವಾಳ ಬೇಡ. ಸರಕು ಇಳಿಸಿ ಖಾಲಿ ಮರಳುವ ವಿತರಕರ ವಾಹನ ಪೆಟ್ಟಿಗೆಗಳನ್ನು ಚಿಕ್ಕಮಗಳೂರಿಗೆ ತರಬಹುದು. ಕಾಫಿ ಮೂಟೆಗಳ ಲಾರಿಯಲ್ಲಿ ಮಾತ್ರ ಸರ್ವಥಾ ಸಲ್ಲದು. ಒಂದು ಪೆಟ್ಟಿಗೆ ಒಡೆದರೆ ಸರಕಿನ ಹೆಸರೇ ಕೆಡುತ್ತದೆ. ಅಲ್ಲಿಂದ ಮುಂದಕ್ಕೆ ಸಾಗಿಸುವ ಕೆಲಸ ಬಿಡಿ ಅಂಗಡಿಯಿಂದ ಆಗದು, ವಾಣಿಜ್ಯ ಸಂಘದಿಂದ ಆದೀತು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಲಿಖಿತವಾಗಿ ಕೇಳಿ, ಪಾದರಸದ ದೀಪಗಳಿಗೆಂದೇ ಅನುಮತಿ ಹೊಂದಿರುವ ಘಟಕವನ್ನು ಗುರುತಿಸಬೇಕು. ಇ-ತ್ಯಾಜ್ಯ ಪಡೆಯುವ ಎಲ್ಲ ಘಟಕಗಳಿಗೂ ಆ ಅನುಮತಿ ಇರುವುದಿಲ್ಲ. ಸಾಗಣೆ ವೆಚ್ಚವನ್ನು ದೀಪದ ಕಂಪನಿಗಳ ವಿತರಕರ ಮುಂದಿಡಬೇಕು. ಪಾದರಸಕ್ಕೂ ಪ್ರಮಾಣಪತ್ರದಲ್ಲಿ ಮೌಲ್ಯ ದೊರೆಯುವಂತೆ ಕೇಂದ್ರ ಪರಿಸರ ಸಚಿವಾಲಯಕ್ಕೆ ಮನವಿ ಸಲ್ಲಿಸುವುದೂ ಸಂಘದ ಕೆಲಸವೇ.

ಮಳೆ ತಗ್ಗಿ, ಕಾಫಿ ಕೊಯ್ಲು ಬಿರುಸಾಗುವ ಮುನ್ನ, ದೀಪಾವಳಿಗೆಂದು ಅಟ್ಟಗಳನ್ನು ಇಳಿಸಿ ಶುಚಿಗೊಳಿಸುವ ವಾರಗಳು ಮೊದಲ ಸಂಗ್ರಹಕ್ಕೆ ತಕ್ಕವು. ಪ್ರತಿ ಅಂಗಡಿಯಲ್ಲಿ ಒಂದು ಪುಸ್ತಕವಿಟ್ಟು, ತಂದವರ ಊರು, ದೀಪಗಳ ಸಂಖ್ಯೆ, ಒಡೆದವು ಎಷ್ಟು ಎಂಬ ಮೂರು ಕಲಮುಗಳನ್ನು ಬರೆದಿಟ್ಟರೆ, ಸಚಿವಾಲಯದ ಮನವಿಯೊಡನೆ ಲಗತ್ತಿಸಲು ಅಂಕಿ-ಅಂಶ ಸಿದ್ಧವಿರುತ್ತದೆ.